ಹೆಸರಿಗುಂಟು, ಲೆಕ್ಕಕ್ಕಿಲ್ಲ

ನಮ್ಮ ಮಲೆನಾಡಿನ ಅಂಗಳಗಳಲ್ಲಿ ಮಕ್ಕಳು ಲಗೋರಿಯನ್ನೋ ಚಿಣ್ಣಿದಾಂಡನ್ನೋ ಆಡುವಾಗ ಗುಂಪಿನಲ್ಲಿ ತೀರ ಚಿಕ್ಕ ಕೂಸೊಂದಿದ್ದರೆ ಅದನ್ನು ಹೊರಗಟ್ಟುವುದಿಲ್ಲ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ. ಆ ಕೂಸಿನ ಹೊಡೆತ ತಪ್ಪಿದರೆ ಮತ್ತೊಮ್ಮೆ ಹೊಡೆಯಲು ಬಿಡುತ್ತಾರೆ. ದೊಡ್ಡವರಾದ ನಾವು ಈ ಮಾತನ್ನು ಕೆಲಸಕ್ಕೆ ಬಾರದವನನ್ನು ಹಂಗಿಸಲು ಬಳಸಿ ಕೆಡಿಸಿದ್ದೇವೆ. ಮೂಲದಲ್ಲಿ ಅದು ಮಕ್ಕಳು ತಾವಾಗಿ ಕಂಡುಕೊಂಡ ಕರುಣೆಯ ಮಾತು.

ಇಂಥದೇ ಒಂದು ರೂಢಿ ಶ್ರೀಮಂತರ ಆಟವೆನಿಸಿದ ಗಾಲ್ಫಿನಲ್ಲಿಯೂ ಉಂಟು. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದಾದರೂ ನಮ್ಮ ಓದುಗರಲ್ಲಿ ಈ ಆಟವನ್ನು ಹತ್ತಿರದಿಂದ ಕಂಡವರು ವಿರಳ. ವಿಶಾಲವಾದ ಹುಲ್ಲುಗಾವಲಿನಲ್ಲಿ ಸಣ್ಣ ಚೆಂಡೊಂದನ್ನು ಕೋಲಿನಿಂದ ಹೊಡೆದು, ದೂರದ ಕುಳಿಯೊಳಗೆ ಬೀಳಿಸಬೇಕು. ಕಡಿಮೆ ಏಟುಗಳಲ್ಲಿ ಮುಗಿಸಿದವನು ಗೆದ್ದವನು. ಚೆಂಡು ಕಳೆದುಹೋದರೆ ಮೊದಲಿನ ಸ್ಥಳಕ್ಕೇ ಮರಳಿ ಹೊಡೆಯಬೇಕು. ಜೊತೆಗೆ ಒಂದು ಏಟಿನ ದಂಡವನ್ನೂ ತೆರಬೇಕು. ಇದು ಶಾಸ್ತ್ರ. ಆದರೆ ಗೆಳೆಯರು ಗೆಳೆಯರೇ ಕೂಡಿ ಆಡುವಾಗ ಒಬ್ಬನ ಮೊದಲ ಹೊಡೆತ ಪೊದೆಗೆ ಬಿದ್ದರೆ, ಉಳಿದವರು ‘ಅದಿರಲಿ, ಇನ್ನೊಮ್ಮೆ ಹೊಡೆ’ ಎನ್ನುತ್ತಾರೆ. ಆ ತಪ್ಪಿದ ಏಟು ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ‘ಮಲಿಗನ್’ ಎಂದು ಹೆಸರು. ಅಧಿಕೃತ ನಿಯಮಾವಳಿಯಲ್ಲಿ ಇದಕ್ಕೆ ಎಡೆಯಿಲ್ಲ. ಆಡುವವನು ತಾನಾಗಿ ಅದನ್ನು ತೆಗೆದುಕೊಂಡರೆ ಮೋಸ. ಜೊತೆಯವರು ಕೊಟ್ಟರೆ ಸ್ನೇಹ.

ಈ ಒಂದು ಭೇದದಲ್ಲಿ ನಮ್ಮ ಸಂಸಾರಗಳಿಗೆ ಬೇಕಾದ ತತ್ತ್ವವಿದೆಯೆಂದು ನಮಗೆ ತೋರುತ್ತದೆ. ಎರಡನೆಯ ಅವಕಾಶವೆಂಬುದು ಕಾನೂನಿನಿಂದಲೋ ದೈವದಿಂದಲೋ ಬರುವುದಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ನಿಂತವರ ಮನಸ್ಸಿನಿಂದ ಬರುತ್ತದೆ.

ಶರಣರ ಲೆಕ್ಕ

ಹನ್ನೆರಡನೆಯ ಶತಮಾನದ ಶರಣರು ಕಟ್ಟಿದ ಸಮಾಜದ ಬುಡದಲ್ಲಿಯೇ ಈ ತತ್ತ್ವವಿದೆ. ಗುರುವಿನಿಂದ ಇಷ್ಟಲಿಂಗವನ್ನು ಪಡೆದವನು ಗುರುವಿನ ಕರದಲ್ಲಿ ಮರಳಿ ಹುಟ್ಟಿದವನು. ಅವನ ಪೂರ್ವಾಶ್ರಯ ಅಲ್ಲಿಗೆ ಕಳೆಯಿತು. ಹುಟ್ಟಿದ ಕುಲ ಯಾವುದು, ಹಿಂದೆ ಏನು ಮಾಡುತ್ತಿದ್ದೆ ಎಂದು ಕೆದಕಬಾರದು. ಕೆದಕಿದವನಿಗೇ ದೋಷ.

ಉರಿಲಿಂಗಪೆದ್ದಿಯ ಚರಿತ್ರೆಯನ್ನು ನೋಡಬಹುದು. ಪೆದ್ದಣ್ಣ ಕಳ್ಳ. ಒಂದು ಮನೆಗೆ ಕದಿಯಲೆಂದು ಹೊಕ್ಕ ವೇಳೆಯಲ್ಲಿ ಉರಿಲಿಂಗದೇವರು ಅಲ್ಲಿ ದೀಕ್ಷೆ ನೀಡುತ್ತಿದ್ದುದನ್ನು ಮರೆಯಲ್ಲಿ ನಿಂತು ಕಂಡನು. ಕಂಡು ಮನಸ್ಸು ತಿರುಗಿತು. ಆ ಮೇಲೆ ಗುರುವಿನ ಮಠಕ್ಕೆ ಕಟ್ಟಿಗೆ ಹೊತ್ತು ಸೇವೆ ಮಾಡಿದನು, ದೀಕ್ಷೆ ಪಡೆದನು, ಕೊನೆಗೆ ಅದೇ ಮಠಕ್ಕೆ ಅಧಿಪತಿಯಾದನು ಎಂದು ಪರಂಪರೆ ಹೇಳುತ್ತದೆ. ಕದಿಯಲು ಬಂದವನಿಗೆ ಪೀಠವನ್ನೇ ಒಪ್ಪಿಸಿದ ಕಥೆಯಿದು. ಅವನ ಪತ್ನಿ ಕಾಳವ್ವೆಯೂ ವಚನಕಾರ್ತಿಯಾದಳು.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಕನ್ನ ಕೊರೆಯುತ್ತಿದ್ದವನು ಶರಣನಾದ ಮೇಲೂ ಕನ್ನದ ಮಾರಿತಂದೆ ಎಂದೇ ಉಳಿದನು. ಸೂಳೆವೃತ್ತಿಯಲ್ಲಿದ್ದ ಸಂಕವ್ವೆ ವಚನಕಾರ್ತಿಯಾದ ಮೇಲೂ ಸೂಳೆ ಸಂಕವ್ವೆಯೇ. ಆಕೆ ಆರಿಸಿಕೊಂಡ ಅಂಕಿತವಂತೂ ‘ನಿರ್ಲಜ್ಜೇಶ್ವರ’. ಹಿಂದಿನದನ್ನು ಅವರು ಬಚ್ಚಿಡಲಿಲ್ಲ, ಅಳಿಸಲೂ ಇಲ್ಲ. ಅದು ಹೆಸರಿನಲ್ಲಿ ಉಳಿಯಿತು. ಲೆಕ್ಕದಲ್ಲಿ ಮಾತ್ರ ಉಳಿಯಲಿಲ್ಲ. ಮಕ್ಕಳ ಮಾತನ್ನು ತುಸು ತಿರುಗಿಸಿ ಹೇಳುವುದಾದರೆ, ಹೆಸರಿಗುಂಟು, ಲೆಕ್ಕಕ್ಕಿಲ್ಲ.

ಹೆಗ್ಗೋಡಿನ ತಾಲೀಮು

ಸಾಗರ ತಾಲ್ಲೂಕಿನ ನಮ್ಮ ಹೆಗ್ಗೋಡು ಈ ಮಾತಿಗೆ ಬೇರೊಂದು ಬಗೆಯಲ್ಲಿ ಸಾಕ್ಷಿಯಾಗಿದೆ. 1949ರಲ್ಲಿ ಇಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಬೆಳೆಯಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರವೂ 1985ರಲ್ಲಿ ತಿರುಗಾಟವೂ ಆರಂಭವಾದವು; 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಈ ಕೀರ್ತಿಯೆಲ್ಲ ಲೋಕಕ್ಕೆ ತಿಳಿದದ್ದೇ. ನಾವಿಲ್ಲಿ ನೆನೆಯುವುದು ತಾಲೀಮನ್ನು.

ತಾಲೀಮೆಂದರೆ ತಪ್ಪುವುದಕ್ಕೆಂದೇ ಮೀಸಲಿಟ್ಟ ಕಾಲ. ನಟನೊಬ್ಬ ಮಾತು ಮರೆತರೆ, ಕಾಲು ತಪ್ಪಿಟ್ಟರೆ, ನಿರ್ದೇಶಕರು ‘ಮೊದಲಿಂದ’ ಎನ್ನುತ್ತಾರೆ. ಅಷ್ಟೆ. ಎದುರಿನ ಪಾತ್ರಧಾರಿ ಗೊಣಗದೆ ತನ್ನ ಮಾತನ್ನು ಮತ್ತೆ ಮೊದಲಿಂದ ಹೇಳುತ್ತಾನೆ. ಒಬ್ಬನಿಗೆ ಮರುಅವಕಾಶ ಸಿಗಬೇಕಾದರೆ ಉಳಿದವರು ತಮ್ಮ ಶ್ರಮವನ್ನು ಇನ್ನೊಮ್ಮೆ ತೆರಬೇಕು. ಹಳೆಯ ಕಂಪನಿ ನಾಟಕಗಳಲ್ಲಿ ಪಕ್ಕದ ಪರದೆಯ ಮರೆಯಲ್ಲಿ ಪ್ರಾಂಪ್ಟರ್ ನಿಂತಿರುತ್ತಿದ್ದನು. ನಟನ ನಾಲಗೆ ತಡವರಿಸಿದ ಕೂಡಲೆ ಮುಂದಿನ ಮಾತನ್ನು ಮೆಲ್ಲನೆ ಎತ್ತಿಕೊಡುತ್ತಿದ್ದನು. ಚಪ್ಪಾಳೆ ನಟನದು, ಎತ್ತಿಕೊಟ್ಟವನು ಕತ್ತಲೆಯಲ್ಲೇ. ಪ್ರತಿ ಮನೆಯಲ್ಲೂ ಇಂಥವನೊಬ್ಬನು ಬೇಕು.

ತಿರುಗಾಟದಲ್ಲಿ ಅದೇ ನಾಟಕ ಊರಿಂದೂರಿಗೆ ಹೋಗುತ್ತದೆ. ನಿನ್ನೆ ಒಂದೂರಿನಲ್ಲಿ ಕಳೆಗುಂದಿದ ದೃಶ್ಯವನ್ನು ಇಂದು ಇನ್ನೊಂದೂರಿನಲ್ಲಿ ಚೆನ್ನಾಗಿ ಆಡಬಹುದು. ಆದರೆ ನಿನ್ನೆಯ ಪ್ರೇಕ್ಷಕರು ಮರಳಿ ಬರುವುದಿಲ್ಲ. ಹೋದದ್ದು ಹೋಯಿತೆಂದು ಒಪ್ಪಿಕೊಂಡೇ ಇಂದಿನದನ್ನು ಆಡಬೇಕು.

ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಗ್ರಾಮೀಣ ಮಹಿಳೆಯರೊಡನೆ ಕಟ್ಟಿದ ‘ಚರಕ’ ಕೈಮಗ್ಗ ಸಂಸ್ಥೆಯಲ್ಲಿ ಬಟ್ಟೆಗೆ ಅಡಕೆ ಚೊಗರಿನ ಬಣ್ಣವನ್ನೂ ಹಾಕಿದರು. ಚೊಗರೆಂದರೆ ಅಡಕೆಯನ್ನು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರು. ಕೈಗೆ, ಬಟ್ಟೆಗೆ ತಾಗಿದರೆ ಕಲೆಯೆಂದು ಹೆಂಗಸರು ಬೈದುಕೊಳ್ಳುವ ವಸ್ತು. ಬೇಕೆಂದು ಹಚ್ಚಿದಾಗ ಅದೇ ಕಲೆ ಬಣ್ಣವಾಗುತ್ತದೆ.

ಮನೆಯೊಳಗಿನ ಲೆಕ್ಕ

ಇಷ್ಟು ಹೇಳಿದ್ದು ನಮ್ಮ ಮನೆಗಳ ಮಾತಿಗೆ ಬರುವುದಕ್ಕಾಗಿ. ಕರ್ನಾಟಕದಲ್ಲಿ 2024ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಕ್ರಮವನ್ನು ತಂದರು. ಒಂದರಲ್ಲಿ ತಪ್ಪಿದರೆ ಇನ್ನೊಂದು. ಬಂದ ಅಂಕಗಳಲ್ಲಿ ಹೆಚ್ಚಿನದನ್ನೇ ಉಳಿಸಿಕೊಳ್ಳಬಹುದು. ಸರ್ಕಾರ ‘ಅದಿರಲಿ, ಇನ್ನೊಮ್ಮೆ ಹೊಡೆ’ ಎಂದಂತಾಯಿತು. ಮನೆಯವರು ಹಾಗೆನ್ನುವರೆ? ಫಲಿತಾಂಶದ ದಿನ ನಪಾಸಾದ ಹುಡುಗನ ತಟ್ಟೆಗೆ ಅನ್ನ ಬಡಿಸುವಾಗ ತಾಯಿಯ ಕೈ ಮೊದಲಿನಂತೆಯೇ ಇರುವುದೆ? ಚಿಕ್ಕಪ್ಪನ ಮಗನ ಅಂಕವನ್ನು ತಂದೆ ಎತ್ತದಿರುವನೆ? ಆ ಒಂದು ವಾರದ ಮಾತುಗಳನ್ನು ತಾಳಲಾರದೆ ಜೀವವನ್ನೇ ಬಿಟ್ಟ ಎಳೆಯರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಅವರಿಗೆ ಮರುಪರೀಕ್ಷೆಯಿತ್ತು. ಮರುಮಾತು ಇರಲಿಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. ಗಂಡನನ್ನು ಕಳೆದುಕೊಂಡವಳಿಗೆ ಮರುವಿವಾಹದ ರೂಢಿ ನಮ್ಮ ಸಮಾಜದ ಹಲವು ಪಂಗಡಗಳಲ್ಲಿ ‘ಉಡಿಕೆ’ ಎಂಬ ಹೆಸರಿನಿಂದ ಹಿಂದಿನಿಂದಲೂ ಇತ್ತು. ಇದು ನಾವು ಹೆಮ್ಮೆಪಡಬೇಕಾದ ಸಂಗತಿ. ಆದರೆ ಮೊದಲ ಲಗ್ನದ ಸಡಗರ ಅದಕ್ಕೆ ಸಲ್ಲಲಿಲ್ಲ. ವಾದ್ಯವಿಲ್ಲದೆ, ನೆಂಟರಿಲ್ಲದೆ, ಕಳವಿನಂತೆ ಮುಗಿಸುವುದೇ ವಾಡಿಕೆಯಾಯಿತು. ಅವಕಾಶವನ್ನು ಕೊಟ್ಟು ಗೌರವವನ್ನು ಹಿಂದಕ್ಕಿಟ್ಟುಕೊಂಡಂತೆ. ಮರುಮದುವೆಯಾದ ಸೊಸೆಯನ್ನು ಮುತ್ತೈದೆಯರ ಸಾಲಿನಲ್ಲಿ ಮೊದಲು ಕರೆಯುವ ಅತ್ತೆ ಶರಣರ ಲೆಕ್ಕವನ್ನು ಅರಿತವಳು.

ಇಲ್ಲೊಂದು ಎಚ್ಚರವೂ ಬೇಕು. ಕುಡಿದು ಹೊಡೆಯುವ ಗಂಡನ ಮನೆಯಿಂದ ಮಗಳು ಓಡಿ ಬಂದರೆ, ‘ಇನ್ನೊಂದು ಅವಕಾಶ ಕೊಡು ತಾಯಿ’ ಎಂದು ಹಿರಿಯರು ಆಕೆಯನ್ನು ಮರಳಿ ಕಳುಹಿಸುವುದುಂಟು. ಇದು ಕರುಣೆಯಲ್ಲ. ಏಟು ತಿಂದವಳ ಸೊತ್ತನ್ನು ನೋಡುತ್ತ ನಿಂತವರು ದಾನ ಮಾಡಿದಂತೆ. ಆ ಅವಕಾಶವನ್ನು ಕೊಡುವ ಬಿಡುವ ಅಧಿಕಾರ ನೊಂದವಳದು. ಬೇಡುವವನಿಗೂ ಕರ್ತವ್ಯವಿದೆ. ಪೆದ್ದಣ್ಣ ಮೊದಲು ಕಟ್ಟಿಗೆ ಹೊತ್ತನು, ಆಮೇಲೆ ಲಿಂಗವನ್ನು ಬೇಡಿದನು. ಪ್ರತಿ ಕುಳಿಯಲ್ಲೂ ಮಲಿಗನ್ ಕೇಳುವವನ ಜೊತೆಗೆ ಯಾರೂ ಎರಡನೆಯ ದಿನ ಆಡಲು ಬರುವುದಿಲ್ಲ.

ಗದ್ದೆಯ ನಾಟಿ ಮುಗಿದ ಮೇಲೆ ನಮ್ಮ ರೈತನು ಮತ್ತೊಮ್ಮೆ ನೋಡಲು ಬರುತ್ತಾನೆ. ನೀರಿಗೆ ಕೊಚ್ಚಿಹೋದ, ಕೊಳೆತ ಅಗೆಯ ಜಾಗದಲ್ಲಿ ಉಳಿದ ಹೊಸ ಅಗೆಯನ್ನು ಊರುತ್ತಾನೆ. ಸತ್ತ ಅಗೆಯನ್ನು ಬೈಯುತ್ತ ನಿಲ್ಲುವುದಿಲ್ಲ, ಮಳೆಗಾಲ ಕಾಯುವುದಿಲ್ಲವಾದ್ದರಿಂದ. ಕೊಯ್ಲಿನ ವೇಳೆಗೆ ಮೊದಲು ನೆಟ್ಟದ್ದು ಯಾವುದು, ಆಮೇಲೆ ಊರಿದ್ದು ಯಾವುದು ಎಂದು ಕಣಜ ಕೇಳುವುದಿಲ್ಲ. ಮನೆಯೂ ಕೇಳದಿರಲಿ.