ಕಾರಿಗೆ ವಿಮೆ ಇದೆ, ಆದರೆ ಯಾವುದಕ್ಕೆ?



ರಾಸು ವಿಮೆಯ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾದ್ದು ಕಡಿಮೆ. ಕಿವಿಯೋಲೆ ಇಲ್ಲದಿದ್ದರೆ ಪರಿಹಾರವಿಲ್ಲ ಎಂಬುದು ಸಂಘಕ್ಕೆ ಹಾಲು ಹಾಕುವ ಎಲ್ಲರಿಗೂ ಗೊತ್ತು. ಆದರೆ ಮನೆ ಮುಂದೆ ನಿಂತಿರುವ ಕಾರಿನ ವಿಮೆ ಏನೆಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಇನ್ಶೂರೆನ್ಸ್ ಇದೆ, ಪೊಲೀಸರು ಹಿಡಿಯಲ್ಲ." ಪೊಲೀಸರು ನೋಡುವುದು ಕಾಯಿದೆಗೆ ಬೇಕಾದಷ್ಟನ್ನು ಮಾತ್ರ. ಕಾರು ಹಳ್ಳಕ್ಕೆ ಉರುಳಿದ ದಿನ ನಿಮಗೆ ಬೇಕಾಗುವುದು ಬೇರೆಯೇ. ಪಾಲಿಸಿಯ ಹಾಳೆ ಹೊರತೆಗೆದು ಪಕ್ಕದಲ್ಲಿಟ್ಟುಕೊಂಡು ಇದನ್ನು ಓದಿ.

ಮೊದಲು ಥರ್ಡ್ ಪಾರ್ಟಿ. 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಂ ಪ್ರಕಾರ ಇದು ಕಡ್ಡಾಯ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ವಿಮೆ ಮಾಡಿಸಿದ ನೀವು ಒಂದನೆಯವರು, ಕಂಪನಿ ಎರಡನೆಯವರು, ನಿಮ್ಮ ಕಾರಿನಿಂದ ಹಾನಿಯಾದ ಹೊರಗಿನವರು ಮೂರನೆಯವರು. ಅವರು ಸತ್ತರೆ ಅಥವಾ ಗಾಯಗೊಂಡರೆ ನ್ಯಾಯಮಂಡಳಿ ಎಷ್ಟು ಹೇಳುತ್ತದೋ ಅಷ್ಟನ್ನು ಕಂಪನಿ ಕಟ್ಟಬೇಕು, ಅದಕ್ಕೆ ಮಿತಿ ಇಲ್ಲ. ಆಸ್ತಿ ಹಾನಿಗೆ ಮಾತ್ರ ಸಾಮಾನ್ಯವಾಗಿ 7.5 ಲಕ್ಷ ರೂ. ಮಿತಿ. ಈ ಭಾಗದ ಕಂತನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ದರದಂತೆ 1000 ಸಿ.ಸಿ.ವರೆಗಿನ ಕಾರಿಗೆ ವರ್ಷಕ್ಕೆ 2,094 ರೂ., 1500 ಸಿ.ಸಿ.ವರೆಗೆ 3,416 ರೂ., ತೆರಿಗೆ ಬೇರೆ. ಆದ್ದರಿಂದ ಥರ್ಡ್ ಪಾರ್ಟಿ ನಮ್ಮಲ್ಲಿ ಅಗ್ಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಲ್ಲಿ ನಮಗೆ ನೇರ ಸಂಬಂಧಪಟ್ಟ ಒಂದು ಮಾತಿದೆ. ಕಾನೂನಿನ ಕಣ್ಣಿನಲ್ಲಿ ಹಸು, ಎಮ್ಮೆ ಮಾಲೀಕನ ಆಸ್ತಿ. ಮೇವಿಗೆ ಹೊಡೆದುಕೊಂಡು ಹೋಗುತ್ತಿದ್ದ ಹಸುವಿಗೆ ಕಾರು ಗುದ್ದಿ ಹಸು ಸತ್ತರೆ ನೀವೇ ಆ ಮೂರನೆಯವರು. ಸಾಮಾನ್ಯವಾಗಿ ನಡೆಯುವುದೇನು? ಊರವರು ಸೇರುತ್ತಾರೆ, ಕಾರಿನವರು ಜೇಬಿನಲ್ಲಿದ್ದಷ್ಟು ಕೊಟ್ಟು ಹೊರಟುಹೋಗುತ್ತಾರೆ, ದಿನಕ್ಕೆ ಹನ್ನೆರಡು ಲೀಟರ್ ಕೊಡುತ್ತಿದ್ದ ಹಸುವಿನ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಹಾಗೆ ಮಾಡದೆ ಕಾರಿನ ನಂಬರ್ ಬರೆದುಕೊಂಡು ಫೋಟೊ ತೆಗೆಯಿರಿ, ಠಾಣೆಯಲ್ಲಿ ದೂರು ಕೊಡಿ, ಪಶುವೈದ್ಯಾಧಿಕಾರಿಗಳಿಂದ ಶವಪರೀಕ್ಷೆ ಮಾಡಿಸಿ ದೃಢೀಕರಣ ಪಡೆಯಿರಿ. ಹಸುವಿನ ಬೆಲೆ ತೋರಿಸಲು ಸಂಘದಲ್ಲಿ ನೀವು ಹಾಲು ಹಾಕಿದ ಲೆಕ್ಕಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಕಾಯಿದೆಯಲ್ಲಿ ಆರು ತಿಂಗಳ ಗಡುವು ಇರುವುದರಿಂದ ತಡ ಮಾಡಬೇಡಿ. ಹಸುವನ್ನು ರಾತ್ರಿ ರಸ್ತೆಗೆ ಬಿಟ್ಟಿದ್ದರೆ ನಿಮ್ಮ ತಪ್ಪನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬುದೂ ತಿಳಿದಿರಲಿ.

ಈಗ ಇದೇ ಘಟನೆಯನ್ನು ಕಾರಿನೊಳಗೆ ಕೂತು ನೋಡಿ. ನಿಮ್ಮದು ಥರ್ಡ್ ಪಾರ್ಟಿ ಪಾಲಿಸಿ ಮಾತ್ರವಾದರೆ ಜಜ್ಜಿದ ಬಾನೆಟ್ಟಿಗೆ ಒಂದು ಪೈಸೆಯೂ ಬರುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಖಾಸಗಿ ಕಾರಿನಲ್ಲಿ ಜೊತೆಗೆ ಕೂತ ಹೆಂಡತಿ, ಮಕ್ಕಳು, ನೆಂಟರಿಗೂ ಈ ಪಾಲಿಸಿಯಲ್ಲಿ ರಕ್ಷಣೆ ಇಲ್ಲ ಎಂದೇ ನ್ಯಾಯಾಲಯಗಳು ಹೇಳಿವೆ. ಅವರ ಹೊಣೆ ಕಂಪನಿಯ ಮೇಲೆ ಬರುವುದು ಪ್ಯಾಕೇಜ್ ಪಾಲಿಸಿ, ಅಂದರೆ ಜನ ಫುಲ್ ಇನ್ಶೂರೆನ್ಸ್ ಎನ್ನುವುದು ಇದ್ದಾಗ. ಕಾರು ಹಳೆಯದು, ಅದಕ್ಕೇಕೆ ಫುಲ್ ಎಂದು ಲೆಕ್ಕ ಹಾಕುವವರು ಕಾರಿನ ಬೆಲೆಯನ್ನಷ್ಟೇ ನೋಡುತ್ತಾರೆ, ಒಳಗೆ ಕೂರುವವರನ್ನು ನೋಡುವುದಿಲ್ಲ.

ಪ್ಯಾಕೇಜ್ ಪಾಲಿಸಿಯ ಇನ್ನೊಂದು ಭಾಗ ಸ್ವಂತ ಹಾನಿ. ಅಪಘಾತ, ಬೆಂಕಿ, ಕಳವು, ನೆರೆ, ಭೂಕುಸಿತ, ಗಲಭೆ ಇದರಲ್ಲಿ ಬರುತ್ತವೆ. ಹಾಳೆಯಲ್ಲಿ ಐ.ಡಿ.ವಿ. ಎಂದು ಬರೆದಿರುವುದು ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಗರಿಷ್ಠ ಮೊತ್ತ. ಕಂತು ಕಡಿಮೆ ಮಾಡಿಕೊಟ್ಟೆ ಎಂದು ಏಜೆಂಟರು ಹೇಳಿದಾಗ ಈ ಅಂಕಿ ಇಳಿದಿದೆಯೇ ನೋಡಿ. ರಿಪೇರಿಯಾದರೆ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಅರ್ಧ ಬೆಲೆ ಮಾತ್ರ. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸು ಹೆಚ್ಚಾದಷ್ಟೂ ಕಡಿತ ಹೆಚ್ಚು.

ಲೆಕ್ಕ ಮಾಡಿ ನೋಡೋಣ. ನಾಲ್ಕೂವರೆ ವರ್ಷದ ಸಣ್ಣ ಕಾರು. ಬಾನೆಟ್ಟು, ಬಾಗಿಲು 20,000, ಬಂಪರ್ ಮತ್ತು ಲೈಟು 12,000, ಮುಂದಿನ ಗಾಜು 6,000, ಕೂಲಿ 8,000; ಒಟ್ಟು 46,000 ರೂ. ಬಿಲ್ಲು. ಈ ವಯಸ್ಸಿನಲ್ಲಿ ಲೋಹಕ್ಕೆ ಶೇ. 35 ಕಡಿತ, ಅಂದರೆ 7,000. ಪ್ಲಾಸ್ಟಿಕ್ಕಿನಲ್ಲಿ 6,000. ಪ್ರತಿ ಕ್ಲೇಮಿಗೂ ನೀವು ಕಟ್ಟಲೇಬೇಕಾದ್ದು 1,000. ಒಟ್ಟು 14,000 ರೂ. ನಿಮ್ಮ ಕೈಯಿಂದ ಹೋಗುತ್ತದೆ. ಹೆಚ್ಚುವರಿ ಕಂತು ಕಟ್ಟಿ ಜೀರೋ ಡೆಪ್ ಸೇರಿಸಿಕೊಂಡಿದ್ದರೆ 1,000 ಕೊಟ್ಟರೆ ಸಾಕಿತ್ತು. ಕಾರು ಹೊಸದಿರುವ ಮೊದಲ ವರ್ಷಗಳಲ್ಲಿ ಇದು ಕಟ್ಟಿದ ಹಣಕ್ಕೆ ಮೋಸವಿಲ್ಲ ಎಂದೇ ನಮ್ಮ ಅನಿಸಿಕೆ. ಮಳೆನೀರಿನಲ್ಲಿ ನಿಂತುಹೋದ ಕಾರನ್ನು ಮಾತ್ರ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಅದರಿಂದ ಕೆಟ್ಟ ಇಂಜಿನ್ನಿಗೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಬರುವುದು ಕಷ್ಟ.

ಹಾಳೆಯಲ್ಲಿ 15 ಲಕ್ಷ ರೂ.ಗಳ ವೈಯಕ್ತಿಕ ಅಪಘಾತ ವಿಮೆ ಎಂಬ ಸಾಲೂ ಇರುತ್ತದೆ. ಅದು ಆರ್.ಸಿ.ಯಲ್ಲಿ ಹೆಸರಿರುವ ಮಾಲೀಕರು, ಅವರಿಗೆ ಡಿ.ಎಲ್. ಇದ್ದು, ತಾವೇ ಓಡಿಸುವಾಗ ಅಥವಾ ಆ ಕಾರಿನಲ್ಲಿ ಹೋಗುವಾಗ ಮಾತ್ರ. ನಮ್ಮ ಮನೆಗಳಲ್ಲಿ ಕಾರು ಅಪ್ಪನ ಹೆಸರಿನಲ್ಲಿ, ಓಡಿಸುವವನು ಮಗ. ಆ ಮಗನಿಗೆ ಈ 15 ಲಕ್ಷ ಅನ್ವಯಿಸುವುದಿಲ್ಲ. ತಪ್ಪು ಅವನದ್ದೇ ಆದರೆ ಅವನು ಮೂರನೆಯವನೂ ಅಲ್ಲ. ಒಂದೋ ಅವನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿ, ಇಲ್ಲವೇ ಆರ್.ಸಿ.ಯನ್ನೇ ಅವನ ಹೆಸರಿಗೆ ಮಾಡಿಸಿ.

ಇನ್ನು ಬಹಳ ಮಂದಿ ಓದದೆ ಬಿಡುವ ಸಾಲು, ಬಳಕೆಯ ಮಿತಿ. ಖಾಸಗಿ ಕಾರನ್ನು ಬಾಡಿಗೆಗಾಗಲಿ, ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸುವುದಕ್ಕಾಗಲಿ ಬಳಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಓಮ್ನಿಯ ಹಿಂದಿನ ಸೀಟು ಕಿತ್ತು ಸುತ್ತಲ ಹತ್ತು ಮನೆಯ ಹಾಲು ತುಂಬಿಕೊಂಡು ಕ್ಯಾನಿಗಿಷ್ಟು ಎಂದು ಹಣ ಪಡೆಯುವವರು ಈ ಸಾಲನ್ನು ಎರಡು ಸಲ ಓದಬೇಕು. ಅಪಘಾತವಾದಾಗ ಸರ್ವೇಯರ್ ಮೊದಲು ನೋಡುವುದೇ ಕಾರಿನಲ್ಲಿ ಏನಿತ್ತು ಎಂದು. ದಿನವೂ ಹಾಲು, ಬೂಸಾ, ಹಿಂಡಿ ಹೊರುವ ಗಾಡಿಯಾದರೆ ಸರಕು ವಾಹನವಾಗಿ ನೋಂದಾಯಿಸಿ ಅದಕ್ಕೆ ತಕ್ಕ ವಿಮೆ ಮಾಡಿಸುವುದೇ ಸರಿ. ಖರ್ಚು ಹೆಚ್ಚು, ನಿಜ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರೆ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಿ. ಥರ್ಡ್ ಪಾರ್ಟಿ ಭಾಗ ತಾನಾಗಿಯೇ ವರ್ಗವಾಗುತ್ತದೆ, ಸ್ವಂತ ಹಾನಿಯ ಭಾಗ ಆಗುವುದಿಲ್ಲ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಬೋನಸ್ ಮಾರಿದವರಿಗೆ ಸೇರಿದ್ದು, ಕಾರಿನ ಜೊತೆ ಬರುವುದಿಲ್ಲ. ನಿಮ್ಮದೇ ಕಾರಾದರೆ ಈ ಬೋನಸ್ ಶೇ. 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ. 50ರವರೆಗೆ ಏರುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಅಷ್ಟೂ ಹೋಯಿತು.

ಅಪಘಾತವಾದರೆ ಕೂಡಲೇ ಕಂಪನಿಗೆ ತಿಳಿಸಿ, ಸರ್ವೇಯರ್ ನೋಡುವ ಮುಂಚೆ ರಿಪೇರಿ ಶುರು ಮಾಡಬೇಡಿ. ಕಂಪನಿ ನಿಮ್ಮ ಕ್ಲೇಮನ್ನು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಗೇ ಮೊದಲು ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.