ಉರಿಯೋ ಇಂಡಿಕೇಟರ್, ಕಾಣದ ತಿರುವು

ತೆಲಿಗಿಯಲ್ಲಿ ಹರಪನಹಳ್ಳಿ–ಹರಿಹರ ರಸ್ತೆ ಬಿಟ್ಟು ನಮ್ಮ ಹೊಲದ ದಾರಿಗೆ ಬಲಕ್ಕೆ ಹೊರಳಬೇಕು. ಆವತ್ತು ಸಂಜೆ ಏಳರ ಹೊತ್ತು. ಇಂಡಿಕೇಟರ್ ಹಾಕಿದೆ, ಕನ್ನಡಿ ನೋಡಿದೆ, ನಿಧಾನಕ್ಕೆ ಹೊರಳಿದೆ. ಹಿಂದಿನಿಂದ ಕಿರ್ ಅಂತ ಬ್ರೇಕ್ ಸದ್ದು. ಮೊಪೆಡ್ ಒಂದು ನನ್ನ ಬಲಗಡೆ ಹ್ಯಾಂಡಲ್ ಸವರಿಕೊಂಡು ಹೋಗಿ ಮಣ್ಣಿನಲ್ಲಿ ನಿಂತಿತು. ಮೇಲಿದ್ದವರು ನಮ್ಮ ದೊಡ್ಡಪ್ಪ. ಸೀಟಿನ ಮುಂದೆ ಒಂದು ಮೂಟೆ ಮೆಕ್ಕೆಜೋಳ.

"ಲೇ ತಮ್ಮಾ, ಹೊರಳೋದಿದ್ರೆ ಕೈನಾದ್ರೂ ತೋರಿಸಬಾರ್ದೇನೋ?"

"ಇಂಡಿಕೇಟರ್ ಹಾಕಿದ್ದೆ ದೊಡ್ಡಪ್ಪಾ."

"ಎಲ್ಲಿ ಹಾಕಿದ್ದಿ? ಊರು ಬಿಟ್ಟಾಗಿಂದ ನಿನ್ನ ಲೈಟು ಹಂಗೇ ಉರೀತಿದ್ವು. ಎತ್ತಾಗ ಹೊಳ್ತೀ ಅಂತ ನಂಗೆ ಹೆಂಗ ಗೊತ್ತಾಗ್ಬೇಕು?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಿಂದಿನ ವಾರವಷ್ಟೇ ಅಪ್ಪನ ಹಳೇ ಬೈಕಿಗೆ ನಾಲ್ಕು ಎಲ್‌ಇಡಿ ಇಂಡಿಕೇಟರ್ ಕೂರಿಸಿ, ಅವು ಯಾವಾಗಲೂ ಮಂದವಾಗಿ ಉರಿಯೋ ಹಾಗೆ 'ರನ್ನಿಂಗ್ ಲೈಟ್' ವೈರಿಂಗ್ ಮಾಡಿಕೊಂಡಿದ್ದೆ. ಜನರಿಗೆ ಚೆನ್ನಾಗಿ ಕಾಣಲಿ ಅಂತ ಮಾಡಿದ ಕೆಲಸ, ಕಾಣಬೇಕಾದ ಒಂದೇ ಒಂದು ಸಂಗತಿಯನ್ನು ಮುಚ್ಚಿಬಿಟ್ಟಿತ್ತು.

ಯಾಕೆ ಬೇಕಾಯ್ತು?

2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ತಯಾರಾಗೋ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಚಾಲೂ ಆದರೆ ಹೆಡ್‌ಲೈಟೂ ಉರಿಯಲೇಬೇಕು. ಅದಕ್ಕೂ ಹಿಂದಿನ ಗಾಡಿಗಳಿಗೆ ಆ ಭಾಗ್ಯ ಇಲ್ಲ. ಎಷ್ಟೋ ಹಳೇ ನೂರು ಸಿಸಿ ಬೈಕುಗಳಲ್ಲಿ ಹೆಡ್‌ಲೈಟಿಗೆ ಕರೆಂಟು ಬ್ಯಾಟರಿಯಿಂದ ಬರೋದಿಲ್ಲ, ನೇರ ಮ್ಯಾಗ್ನೆಟ್ ಕಾಯಿಲ್‌ನಿಂದ ಬರುತ್ತೆ. ಆಕ್ಸಿಲೇಟರ್ ಬಿಟ್ಟರೆ ಲೈಟು ಮಂಕು. ಗುಂಡಿ ಕಂಡು ನಿಧಾನ ಮಾಡಿದಾಗಲೇ ಬೆಳಕು ಹೋಗುತ್ತೆ. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ಮೇಲೆ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ, ತೇರಿಗೆ ಕೊಟ್ಟೂರಿಗೆ ಅಂತ ರಾತ್ರಿ ನಡೆದು ಹೋಗೋ ಜನ. ಇದರ ನಡುವೆ ನಾವು ಇರೋದು ಎದುರಿನವರಿಗೆ ಗೊತ್ತಾಗಲಿ ಅನ್ನೋದು ಶೋಕಿ ಅಲ್ಲ, ನಿಜವಾದ ಅಗತ್ಯ.

ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ

ಮೊದಲ ತಲೆನೋವು: ಇಂಡಿಕೇಟರ್ ಹುಚ್ಚು ಹಿಡಿದ ಹಾಗೆ ಟಕಟಕ ಮಿನುಗುತ್ತೆ. ಹಳೇ ಬಲ್ಬು 10 ವ್ಯಾಟಿನದು ಅಂತಿಟ್ಟುಕೊಳ್ಳಿ. ಒಂದು ಬದಿಗೆ ಎರಡು, ಅಂದರೆ 20 ವ್ಯಾಟ್, 12 ವೋಲ್ಟಿನಲ್ಲಿ ಸುಮಾರು 1.7 ಆಂಪಿಯರ್. ಫ್ಲಾಷರ್ ಆ ಲೋಡಿಗೆ ಹೊಂದಿಕೊಂಡಿರುತ್ತೆ. ಎಲ್‌ಇಡಿ ಒಂದೆರಡು ವ್ಯಾಟ್ ಅಷ್ಟೇ. "ಬಲ್ಬು ಸುಟ್ಟಿದೆ" ಅಂದುಕೊಂಡು ಫ್ಲಾಷರ್ ಜೋರಾಗಿ ಮಿನುಗುತ್ತೆ, ಇಲ್ಲಾ ಮಿನುಗದೇ ಸುಮ್ಮನಾಗುತ್ತೆ.

ಇದಕ್ಕೆ ಕೆಲವರು ಲೋಡ್ ರೆಸಿಸ್ಟರ್ ಹಾಕಿಕೊಡ್ತಾರೆ. 10 ಓಮ್ ರೆಸಿಸ್ಟರ್ 12 ವೋಲ್ಟಿನಲ್ಲಿ 14 ವ್ಯಾಟಿಗೂ ಹೆಚ್ಚು ಶಾಖ ಕಕ್ಕುತ್ತೆ. ಪ್ಲಾಸ್ಟಿಕ್ ಪಕ್ಕ ಕೂರಿಸಿದರೆ ಕರಗುತ್ತೆ. ಎಲ್‌ಇಡಿ ಹಾಕಿ ಉಳಿಸಿದ ಕರೆಂಟು ಹಾಗೇ ಹೋಯ್ತು. ಅದರ ಬದಲು ಲೋಡ್ ಎಷ್ಟಿದ್ದರೂ ಒಂದೇ ವೇಗದಲ್ಲಿ ಮಿನುಗೋ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕೋದು ಒಳ್ಳೇದು. ನಿಯಮದ ಪ್ರಕಾರ ಮಿನುಗು ನಿಮಿಷಕ್ಕೆ 60ರಿಂದ 120 ಸಲ ಇರಬೇಕು. ಅರ್ಧ ನಿಮಿಷ ಎಣಿಸಿ ನೋಡಿ, 30ರಿಂದ 60ರ ಒಳಗೆ ಬಂದರೆ ಸರಿ.

ಎರಡನೇ ತಲೆನೋವು: ಎಡಕ್ಕೆ ಹಾಕಿದರೆ ನಾಲ್ಕೂ ಮಿನುಗುತ್ತವೆ! ಮೀಟರಿನಲ್ಲಿ ಎಡ-ಬಲ ಎರಡಕ್ಕೂ ಒಂದೇ ಸಣ್ಣ ದೀಪ ಇರೋ ಗಾಡಿಗಳಲ್ಲಿ ಇದು ಮಾಮೂಲಿ. ಆ ದೀಪ ಎಡದ ವೈರಿಗೂ ಬಲದ ವೈರಿಗೂ ನಡುವೆ ಇರುತ್ತೆ. ಅದರ ಮೂಲಕ ಹರಿಯೋ ಚೂರು ಕರೆಂಟು ಹಳೇ ಬಲ್ಬನ್ನು ಉರಿಸೋಕೆ ಸಾಲದು, ಎಲ್‌ಇಡಿಗೆ ಅಷ್ಟೇ ಸಾಕು. ಪರಿಹಾರ ಎರಡು ಡಯೋಡ್, 1ಎನ್4007 ಅಂತ ಕೇಳಿದರೆ ಚಿಲ್ಲರೆ ಕಾಸಿಗೆ ಸಿಗುತ್ತೆ. ಎಡದಿಂದ ಒಂದು, ಬಲದಿಂದ ಒಂದು ಡಯೋಡ್ ತಂದು ದೀಪದ ಒಂದು ತುದಿಗೆ ಸೇರಿಸಿ. ಇನ್ನೊಂದು ತುದಿಗೆ ಅರ್ಥ್ ಕೊಡಿ.

ನಾನು ಎಡವಿದ್ದು ಎಲ್ಲಿ?

ನಾನು ತಂದಿದ್ದು ಎರಡು ವೈರಿನ ಎಲ್‌ಇಡಿ. ಕೀ ಆನ್ ಆದರೆ ಬರೋ ಕರೆಂಟನ್ನು ರೆಸಿಸ್ಟರ್, ಡಯೋಡ್ ದಾಟಿಸಿ ಇಂಡಿಕೇಟರ್ ವೈರಿಗೇ ಸೇರಿಸಿದೆ. ದೀಪ ಮಂದವಾಗಿ ಉರೀತು, ಇಂಡಿಕೇಟರ್ ಹಾಕಿದಾಗ ಜೋರಾಗಿ ಉರೀತು. ಮನೆ ಅಂಗಳದಲ್ಲಿ ನಿಂತು ನೋಡಿದರೆ ಭಾರೀ ಚಂದ.

ಆದರೆ ನಮ್ಮ ಕಣ್ಣು ಮಿನುಗನ್ನು ಗುರುತಿಸೋದು 'ಇಲ್ಲ–ಇದೆ–ಇಲ್ಲ' ಅನ್ನೋ ಬದಲಾವಣೆಯಿಂದ. ಇಲ್ಲಿ ಇದ್ದದ್ದು 'ಸ್ವಲ್ಪ–ಜಾಸ್ತಿ–ಸ್ವಲ್ಪ'. ದೂಳು ಕೂತ ಗಾಜು, ಮುಸ್ಸಂಜೆ, ಅರವತ್ತು ದಾಟಿದ ಕಣ್ಣು, ಇಷ್ಟು ಸಾಕು ಆ ವ್ಯತ್ಯಾಸ ಅಳಿಸಿಹಾಕೋಕೆ.

ಸರಿಯಾಗಿ ಮಾಡೋದು ಹೇಗೆ?

ಮೂರು ವೈರಿನ ಎಲ್‌ಇಡಿ ಇಂಡಿಕೇಟರ್ ಸಿಗುತ್ತೆ: ಅರ್ಥ್ ಒಂದು, ರನ್ನಿಂಗ್ ಒಂದು, ಇಂಡಿಕೇಟರ್ ಒಂದು. ಕೊಳ್ಳೋ ಮುಂಚೆ ಅಂಗಡಿಯಲ್ಲೇ 12 ವೋಲ್ಟ್ ಬ್ಯಾಟರಿಗೆ ಮುಟ್ಟಿಸಿ ನೋಡಿ. ರನ್ನಿಂಗ್ ವೈರ್ ಕೊಟ್ಟು, ಆಮೇಲೆ ಇಂಡಿಕೇಟರ್ ವೈರನ್ನು ಫ್ಲಾಷರ್ ಮೂಲಕ ಕೊಡಿ. ಮಿನುಗಿನ ನಡುವೆ ಆ ಬದಿಯ ರನ್ನಿಂಗ್ ಬೆಳಕು ಪೂರ್ತಿ ಆರಬೇಕು, ಇಂಡಿಕೇಟರ್ ನಿಲ್ಲಿಸಿದ ಮೇಲಷ್ಟೇ ಮರಳಿ ಹೊತ್ತಬೇಕು. ಆರದಿದ್ದರೆ ಬೇಡ, ವಾಪಸ್ ಇಡಿ. ವೈರಿನ ಬಣ್ಣ ನಂಬಬೇಡಿ, ಒಂದೊಂದು ಕಂಪನಿಗೆ ಒಂದೊಂದು.

ಕರೆಂಟು ಎಲ್ಲಿಂದ ತಗೊಳ್ಳೋದು? ಹಳೇ ಗಾಡಿಯ ಹೆಡ್‌ಲೈಟ್ ವೈರಿಂದ ಬೇಡ, ಅದು ಎಸಿ ಇರಬಹುದು. ಕೀ ಆನ್ ಮಾಡಿದರೆ ಬಂದು, ಆಫ್ ಮಾಡಿದರೆ ಹೋಗೋ ಡಿಸಿ ವೈರ್ ಹುಡುಕಿ. ಬ್ರೇಕ್ ಲೈಟ್ ಸ್ವಿಚ್ಚಿಗೆ ಬರೋ ವೈರ್ ಸಾಮಾನ್ಯವಾಗಿ ಇದಕ್ಕೆ ಆಗುತ್ತೆ, ಮಲ್ಟಿಮೀಟರ್‌ನಲ್ಲಿ ಖಚಿತ ಮಾಡಿಕೊಳ್ಳಿ. ನಡುವೆ 2 ಆಂಪಿಯರ್ ಫ್ಯೂಸ್ ಇರಲಿ. ಕಂಪನಿಯ ವೈರ್ ಕತ್ತರಿಸಬೇಡಿ, ಕನೆಕ್ಟರ್ ಬಳಸಿ. ಬರೀ ಕಪ್ಪು ಟೇಪ್ ಸುತ್ತಿದರೆ ನಮ್ಮ ಬೇಸಿಗೆಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ, ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಕೊನೆಗೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ವೈರ್ ಎಳೆದುಕೊಳ್ಳುತ್ತಾ ಅಂತ ನೋಡಿ.

ನಾನೀಗ ರನ್ನಿಂಗ್ ಬೆಳಕನ್ನು ಮುಂದಿನ ಎರಡಕ್ಕೆ ಮಾತ್ರ ಉಳಿಸಿಕೊಂಡಿದ್ದೀನಿ. ಹಿಂದೆ ಕೆಂಪು ಟೇಲ್ ಲೈಟ್ ಇದ್ದೇ ಇದೆ. ಅಲ್ಲಿ ಹಳದಿ ಸದಾ ಉರಿದರೆ ಗೊಂದಲವೇ ಹೊರತು ಲಾಭ ಇಲ್ಲ.

ಕಾನೂನು ಏನನ್ನುತ್ತೆ?

ಇದನ್ನು ಮುಚ್ಚಿಡೋ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋದನ್ನು ತಡೆಯುತ್ತೆ. 2019ರ ತಿದ್ದುಪಡಿಯಲ್ಲಿ ಬಂದ 182ಎ(4)ರ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಆಗಬಹುದು. ಇಂಡಿಕೇಟರ್ ಬಣ್ಣ ಕಿತ್ತಳೆ-ಹಳದಿಯೇ ಇರಬೇಕು. ನೀಲಿ, ಬಿಳಿ, ಬಣ್ಣ ಬದಲಿಸೋ ಎಲ್‌ಇಡಿ ನೇರ ತಪ್ಪು. ಹೊಸ ಗಾಡಿಯ ವೈರಿಂಗ್ ಮುಟ್ಟಿದರೆ ವಾರಂಟಿಯೂ ಹೋಗಬಹುದು. ಹಾಗಾಗಿ 2017ರ ನಂತರದ ಗಾಡಿ ಇದ್ದವರಿಗೆ ನನ್ನ ಸಲಹೆ ಒಂದೇ: ಸುಮ್ಮನೆ ಇರಿ, ನಿಮ್ಮ ಹೆಡ್‌ಲೈಟೇ ರನ್ನಿಂಗ್ ಲೈಟು. ಹಳೇ ಗಾಡಿಯವರು ಕಾನೂನಿನ ಈ ಮಾತು ತಿಳಿದುಕೊಂಡೇ ಕೈ ಹಾಕಿ.

ದೊಡ್ಡಪ್ಪನ ಪರೀಕ್ಷೆ

ವೈರಿಂಗ್ ಬದಲಿಸಿದ ಸಂಜೆ ದೊಡ್ಡಪ್ಪನನ್ನ ಮನೆ ಮುಂದಿನ ದಾರಿಯಲ್ಲಿ ಐವತ್ತು ಹೆಜ್ಜೆ ದೂರ ನಿಲ್ಲಿಸಿದೆ. ಮೊದಲು ಬೈಕಿನ ಮುಂಭಾಗ, ಆಮೇಲೆ ಹಿಂಭಾಗ ಅವರ ಕಡೆ ತಿರುಗಿಸಿ, ಎಡ, ಬಲ, ಮತ್ತೆ ಬಲ ಹಾಕಿದೆ. ಪ್ರತಿ ಸಲವೂ ಅವರ ಕೈ ಸರಿಯಾದ ಕಡೆಗೇ ಎದ್ದಿತು. ನೀವೂ ಹೀಗೇ ಮಾಡಿ. ಮನೆಯಲ್ಲಿ ಕಣ್ಣು ಯಾರದ್ದು ಮಂದವೋ ಅವರನ್ನೇ ನಿಲ್ಲಿಸಿ. ಅವರಿಗೆ ಕಂಡರೆ ರಸ್ತೆಗೆಲ್ಲ ಕಂಡ ಹಾಗೆ.

ಹತ್ತಿರ ಬಂದ ದೊಡ್ಡಪ್ಪ ಬೈಕ್ ಸುತ್ತ ಒಂದು ಸುತ್ತು ಹಾಕಿ, "ನಿಂದೇನೋ ಆತು. ನಮ್ಮ ಟ್ರೇಲರಿಗೆ?" ಅಂದರು.

ಮರುದಿನ ಹರಪನಹಳ್ಳಿಯಿಂದ ಕೆಂಪು ರಿಫ್ಲೆಕ್ಟರ್ ಟೇಪ್ ತಂದು, ಟ್ರೇಲರಿನ ಹಿಂದಿನ ಹಲಗೆ ಒರೆಸಿ, ಈ ತುದಿಯಿಂದ ಆ ತುದಿವರೆಗೆ ಅಂಟಿಸಿದೆವು. ಅದಕ್ಕೆ ವೈರೂ ಬೇಡ, ಫ್ಯೂಸೂ ಬೇಡ. ನನ್ನ ಅಷ್ಟೂ ವೈರಿಂಗಿಗಿಂತ ಹೆಚ್ಚು ಜನರನ್ನು ಕಾಯೋದು ಬಹುಶಃ ಅದೇ.