ಮೊದಲ ಸಂಬಳ ಬಂತಾ ಸಿಸ್ಟರ್?

ಮೊದಲ ಸಂಬಳ ಬಂತು ಅಂದ್ರೆ ಪಾಲಿಸಿ ಫಾರ್ಮ್ ಹಿಡ್ಕೊಂಡು ಮಾವನೋ ಚಿಕ್ಕಪ್ಪನೋ ಬಂದೇ ಬರ್ತಾರೆ. ಕಾಫಿ ಕೊಡಿ, ಸಹಿ ಮಾತ್ರ ಈಗಲೇ ಬೇಡ.

ಪೇಸ್ಲಿಪ್ ತೆಗೀರಿ. ಪಿಎಫ್ ಕಟ್ ಆಗ್ತಿದ್ಯಾ? ಹಾಗಿದ್ರೆ ಇಡಿಎಲ್‌ಐ ಅನ್ನೋ ಜೀವವಿಮೆ ನಿಮಗೆ ಆಗ್ಲೇ ಇದೆ. ಕೆಲಸದಲ್ಲಿರುವಾಗ ಜೀವ ಹೋದ್ರೆ ಮನೆಯವರಿಗೆ ಗರಿಷ್ಠ 7 ಲಕ್ಷ. ಕಂತು ಕಟ್ಟೋದು ಆಸ್ಪತ್ರೆ, ನೀವಲ್ಲ. ನಾಮಿನಿ ಹೆಸರು ಹಾಕಿದ್ದೀರಾ? ಇವತ್ತೇ ಹಾಕಿ.

ಪಿಎಫ್ ಇಲ್ವಾ? ಬ್ಯಾಂಕಲ್ಲಿ ಪ್ರಧಾನಮಂತ್ರಿ ಜೀವನ್ ಜ್ಯೋತಿ ಕೇಳಿ. ವರ್ಷಕ್ಕೆ 436 ರೂಪಾಯಿ, 2 ಲಕ್ಷದ ವಿಮೆ. ಮೇ ಕೊನೆಗೆ ಖಾತೆಯಲ್ಲಿ ದುಡ್ಡಿರಲಿ.

ಇನ್ನು ನರ್ಸಿಂಗ್ ಓದೋಕೆ ಮಾಡಿದ ಸಾಲ. ಅದಕ್ಕೆ ಅಪ್ಪನೂ ಸಹಿ ಹಾಕಿದ್ರೆ, ನಿಮಗೇನಾದ್ರೂ ಆದಾಗ ಬ್ಯಾಂಕಿನವರು ಹುಡುಕೋದು ಅವರನ್ನೇ. ಟರ್ಮ್ ಪಾಲಿಸಿ ಬೇಕಾಗೋದು ಇಲ್ಲಿ. ಅವಧಿ ಮುಗಿದ ಮೇಲೆ ದುಡ್ಡು ವಾಪಸ್ ಬರಲ್ಲ, ಅದಕ್ಕೇ ಕಂತು ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಇಲ್ಲ.

ಫಾರ್ಮಲ್ಲಿ ಥೈರಾಯ್ಡ್, ಹೆಪಟೈಟಿಸ್ ಬಿ, ಏನಿದ್ರೂ ಬರೆದುಬಿಡಿ. ಮುಚ್ಚಿಟ್ಟಿದ್ರೆ ಮೊದಲ 3 ವರ್ಷದೊಳಗೆ ಕಂಪನಿ ಅದನ್ನೇ ಹಿಡ್ಕೊಂಡು ಕ್ಲೇಮ್ ತಿರಸ್ಕರಿಸಬಹುದು.

ಮಾವನ ಮಾತಿಗೆ ಕಟ್ಟುಬಿದ್ದು ಸಹಿ ಹಾಕೇಬಿಟ್ರಾ? ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು.